ಬೆವರು ಬಾರದವನ ಬೇಸಿಗೆ

ಮೊನ್ನೆ ಮೂರನೇ ಮಹಡಿಯ ಮೈಸೂರಿನ ಹುಡುಗಿ ಇಳಿದು ಬಂದು ನಮ್ಮ ಬಾಗಿಲು ತಟ್ಟಿದಳು. ಎಸಿಯಿಂದ ಹಾಸಿಗೆಯ ಮೇಲೆ ನೀರು ತೊಟ್ಟಿಕ್ಕುತ್ತಿದೆಯಂತೆ, ರಿಪೇರಿಯವರು ಬರುವುದು ನಾಡಿದ್ದಂತೆ, ನೀವೊಮ್ಮೆ ನೋಡಿ ಆಂಟಿ ಎಂದಳು. ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇದೊಂದು ರೂಢಿಯಾಗಿಬಿಟ್ಟಿದೆ. ನಾರಾಯಣಗೂಡದ ಕಾಲೇಜೊಂದರ ಲೈಬ್ರರಿಯಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಹೆಂಗಸಿಗೂ ಎಸಿಗೂ ಏನು ನಂಟು ಎಂದು ಯಾರೂ ಕೇಳುವುದಿಲ್ಲ. ಬೇಸಿಗೆ ಬಂತೆಂದರೆ ಒಬ್ಬರಲ್ಲ ಒಬ್ಬರು ಬರುತ್ತಾರೆ. ವರ್ಷಾ ವರ್ಷಾ ಗ್ಯಾಸ್ ತುಂಬಿಸಬೇಕಾ, ಹದಿನೆಂಟಕ್ಕೆ ಇಟ್ಟರೆ ಬೇಗ ತಣ್ಣಗಾಗುತ್ತದಾ, ಫಿಲ್ಟರ್ ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು, ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ನಾನು ಉತ್ತರ ಕೊಡುವುದಕ್ಕಿಂತ ಬೈಯುವುದೇ ಹೆಚ್ಚು. ಗ್ಯಾಸೇನು ಸ್ಕೂಟರಿನ ಪೆಟ್ರೋಲೇ ಓಡಿಸಿದಷ್ಟು ಖಾಲಿಯಾಗಲು, ಎಲ್ಲೋ ಸೋರಿದರೆ ಮಾತ್ರ ಕಡಿಮೆಯಾಗುತ್ತದೆ, ಮೊದಲು ಸೋರುವ ಜಾಗ ಹುಡುಕಿಸಿ, ಆಮೇಲೆ ತುಂಬಿಸಿ ಎನ್ನುತ್ತೇನೆ. ಹದಿನೆಂಟಕ್ಕೆ ಇಟ್ಟ ಮಾತ್ರಕ್ಕೆ ಹಳೇ ಮಷೀನು ಜೋರಾಗಿ ಓಡುವುದಿಲ್ಲ, ಬರೀ ನಿಲ್ಲದೆ ಓಡುತ್ತದೆ, ಇಪ್ಪತ್ತಾರಕ್ಕೆ ಇಟ್ಟು ಫ್ಯಾನು ಹಾಕಿಕೊಳ್ಳಿ ಎನ್ನುತ್ತೇನೆ. ಜನ ತಲೆ ಆಡಿಸಿ ಹೋಗುತ್ತಾರೆ, ಮನೆಗೆ ಹೋಗಿ ಹದಿನೆಂಟಕ್ಕೇ ಇಡುತ್ತಾರೆ.

ಹುಡುಗಿಯ ಮನೆಯಲ್ಲಿ ಆಗಿದ್ದು ಸಣ್ಣ ಎಡವಟ್ಟು. ಎಸಿಯ ನೀರು ಹೊರಹೋಗುವ ಪೈಪಿನ ತುದಿಯನ್ನು ಬಾಲ್ಕನಿಯ ಬಕೆಟ್ಟಿನಲ್ಲಿ ಬಿಟ್ಟಿದ್ದಳು, ಗಿಡಕ್ಕೆ ಹಾಕೋಣವೆಂದು. ಬಕೆಟ್ಟು ತುಂಬಿ ಪೈಪಿನ ತುದಿ ಮುಳುಗಿದ್ದರಿಂದ ನೀರಿಗೆ ಹೊರದಾರಿ ಇಲ್ಲದೆ ಮನೆಯೊಳಗೆ ಬಂದಿತ್ತು. ನೀರು ಹಿಡಿ ಮಾರಾಯ್ತಿ, ಪೈಪನ್ನು ಮುಳುಗಿಸಬೇಡ ಎಂದು ಹೇಳಿ ತುದಿ ಮೇಲೆತ್ತಿ ಕಟ್ಟಿದೆ. ಹೇಗೂ ಬಂದಿದ್ದೇನಲ್ಲ ಎಂದು ಸ್ಟೂಲು ಹಾಕಿಸಿ, ಎಸಿಯ ಮುಂದಿನ ಮುಚ್ಚಳ ತೆರೆದು ಫಿಲ್ಟರ್ ಎಳೆದೆ. ತಿಂಗಳುಗಟ್ಟಲೆ ತೊಳೆಯದ ಬಲೆ. ಒದ್ದೆ ದೂಳಿನ ಹಳಸಲು ವಾಸನೆ ಮುಖಕ್ಕೆ ಹೊಡೆಯಿತು. ಸ್ಟೂಲಿನಿಂದ ಇಳಿದು ಅವಳ ಹಾಸಿಗೆಯ ಅಂಚಿನಲ್ಲಿ ಕೂತುಬಿಟ್ಟೆ. ಆಂಟಿ, ಬಿಪಿ ಇದೆಯಾ ಎಂದು ಹುಡುಗಿ ಗಾಬರಿಯಾದಳು. ಬಿಪಿ ಇಲ್ಲ. ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಇವತ್ತಿಗೂ ಕೈಕಾಲು ತಣ್ಣಗಾಗುತ್ತವೆ. ಒಂದು ಇಡೀ ಬೇಸಿಗೆ ನಾನು ಆ ವಾಸನೆಯ ಜೊತೆ ಹೆದರಿಕೊಂಡು ಬದುಕಿದ್ದೆ.

ಆಗ ನಾವಿದ್ದದ್ದು ಇದೇ ಮಣಿಕೊಂಡದ ಇನ್ನೊಂದು ಕಟ್ಟಡದಲ್ಲಿ, ಐದನೇ ಮಹಡಿ, ಅದರ ಮೇಲೆ ಬರೀ ತಾರಸಿ. ನನ್ನ ತಮ್ಮ ವೀರೇಶ ಗಚ್ಚಿಬೌಲಿ ಕಡೆಯ ಒಂದು ಕಟ್ಟಡದ ಸೈಟಿನಲ್ಲಿ ಸೂಪರ್‌ವೈಸರ್ ಆಗಿದ್ದ. ನಮ್ಮ ರಾಯಚೂರು, ಯಾದಗಿರಿ ಕಡೆಯ ಕೂಲಿಕಾರರೆಲ್ಲ ಅವನ ಕೈಕೆಳಗೆ. ದೀಪಾವಳಿಯಾದ ಮೇಲೆ ಒಂದು ಬೆಳಿಗ್ಗೆ ಎರಡನೇ ಮಹಡಿಯ ಸ್ಲ್ಯಾಬಿನ ಅಂಚಿನಿಂದ ಕೆಳಗೆ ಬಿದ್ದ. ಕುತ್ತಿಗೆಯ ಹತ್ತಿರ ಬೆನ್ನುಹುರಿಗೆ ಪೆಟ್ಟಾಯಿತು. ಜೀವ ಉಳಿಯಿತು. ಭುಜ ಆಡುತ್ತಿತ್ತು, ಮೊಣಕೈ ಮಡಚುತ್ತಿತ್ತು, ಬೆರಳು ಆಡುತ್ತಿರಲಿಲ್ಲ, ಎದೆಯಿಂದ ಕೆಳಗೆ ಚಲನೆ, ಸ್ಪರ್ಶ ಏನೂ ಇರಲಿಲ್ಲ. ಮದುವೆಯ ಗೊಡವೆಗೆ ಹೋಗದೆ ಒಬ್ಬಳೇ ಇದ್ದ ನನ್ನ ಮನೆಗೆ ಅವನನ್ನು ಕರೆತಂದೆ. ರಾಯಚೂರಿನಿಂದ ಅವ್ವ ಬಂದಳು. ಹೈದರಾಬಾದಿಗೆ ಹೋಗು, ಅಕ್ಕ ಇದ್ದಾಳೆ, ಅಲ್ಲಿ ಸೈಟಿನ ಕೆಲಸ ಬೇಕಾದಷ್ಟಿದೆ ಎಂದು ಅವನನ್ನು ಇಲ್ಲಿಗೆ ಕಳಿಸಿದವಳು ಅವಳೇ. ಅದನ್ನು ಅವಳು ಬಾಯಿಬಿಟ್ಟು ಆಡುತ್ತಿರಲಿಲ್ಲ. ಊಟ ಅರ್ಧಕ್ಕರ್ಧ ಕಡಿಮೆ ಮಾಡಿದ್ದಳು, ನಿದ್ದೆಯಂತೂ ಇರಲೇ ಇಲ್ಲ, ಅವನ ಕಾಲನ್ನು ಒತ್ತುತ್ತಾ ಕೂತಿರುತ್ತಿದ್ದಳು. ಅವನಿಗೆ ಅದು ತಿಳಿಯುತ್ತಿರಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಿಡುವಾಗ ಡಾಕ್ಟರು ನೂರೆಂಟು ಸೂಚನೆ ಕೊಟ್ಟರು. ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸಿ, ಮೂತ್ರದ ನಳಿಕೆ ಹೀಗೆ ತೊಳೆಯಿರಿ. ಬಾಗಿಲವರೆಗೂ ಬಂದ ಮೇಲೆ ಮತ್ತೆ ಕರೆದು ಇನ್ನೊಂದು ಹೇಳಿದರು. ಇವರಿಗೆ ಇನ್ನು ಮೈ ಬೆವರುವುದಿಲ್ಲ, ಬೇಸಿಗೆಯಲ್ಲಿ ಕೋಣೆ ಎಷ್ಟು ಬಿಸಿಯಾಗುತ್ತದೋ ಇವರೂ ಅಷ್ಟು ಬಿಸಿಯಾಗುತ್ತಾ ಹೋಗುತ್ತಾರೆ, ಬರೀ ಫ್ಯಾನಿನ ಬಿಸಿಗಾಳಿ ನಂಬಬೇಡಿ, ಎಸಿ ಇದೆಯಲ್ಲ ಮನೆಯಲ್ಲಿ ಎಂದು ಕೇಳಿದರು. ಇದೆ ಎಂದೆ. ಮನೆಯ ಮಾಲೀಕರು ಬಿಟ್ಟುಹೋಗಿದ್ದ ಹಳೇ ಎಸಿಯೊಂದು ಗೋಡೆಯ ಮೇಲಿತ್ತು, ನಾನು ಅದರ ಮೇಲೆ ಗುಬ್ಬಿ ಕೂರದಂತೆ ಬಟ್ಟೆ ಹೊದಿಸಿದ್ದೆ. ಬೆವರು ಇಷ್ಟು ದೊಡ್ಡ ವಿಷಯ ಎಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಮಾರ್ಚ್ ಕಳೆಯುವವರೆಗೆ ಹೇಗೋ ಆಯಿತು. ಏಪ್ರಿಲ್ ಬಂದ ಮೇಲೆ ಐದನೇ ಮಹಡಿ ಹೆಂಚಾಯಿತು. ತಾರಸಿಯ ಕಾವು ಛಾವಣಿಯಿಂದ ಇಳಿದು ಗೋಡೆ ಮುಟ್ಟಿದರೆ ಬೆಚ್ಚಗೆ, ನಲ್ಲಿ ಬಿಟ್ಟರೆ ಚಹಾ ಮಾಡಬಹುದಾದ ನೀರು. ನಾನು ಎಸಿಯ ದಾಸಿಯಾದೆ. ಅದರ ಸದ್ದು ಬದಲಾದರೆ ನಡುರಾತ್ರಿಯಲ್ಲೂ ಎದ್ದು ಕೂರುತ್ತಿದ್ದೆ. ಪ್ರತಿ ಭಾನುವಾರ ಫಿಲ್ಟರ್ ತೆಗೆದು ತಣ್ಣೀರಿನಲ್ಲಿ ತೊಳೆದು, ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆಂದು ನೆರಳಿನಲ್ಲಿ ಒಣಗಿಸಿ, ಮತ್ತೆ ಕೂರಿಸುತ್ತಿದ್ದೆ. ಹದಿನೈದು ದಿನಕ್ಕೊಮ್ಮೆ ಸಾಕೆಂದು ಎಲ್ಲರೂ ಹೇಳಿದರೂ ನಾನು ವಾರಕ್ಕೊಮ್ಮೆ ತೊಳೆಯುವುದನ್ನು ಬಿಟ್ಟವಳಲ್ಲ. ಪ್ಲಗ್ಗು ಬಿಸಿಯಾಗಿದೆಯಾ ಎಂದು ಮುಟ್ಟಿ ನೋಡುವುದು, ಸ್ಟೆಬಿಲೈಸರಿನ ದೀಪ ನೋಡುವುದು, ಒಂದೇ ಎರಡೇ. ತಮ್ಮ ನಗುತ್ತಿದ್ದ. ನನಗಿಂತ ಅದಕ್ಕೇ ಜಾಸ್ತಿ ಸೇವೆ ಆಗುತ್ತಿದೆ, ಅದಕ್ಕೂ ಒಂದು ನಳಿಕೆ ಹಾಕಿಬಿಡು ಎನ್ನುತ್ತಿದ್ದ.

ಮೇ ತಿಂಗಳ ಮೊದಲ ವಾರದಲ್ಲಿ ಅದು ಕೈಕೊಡಲು ಶುರುಮಾಡಿತು. ಒಂದು ಸೋಮವಾರ ಮಧ್ಯಾಹ್ನ ಲೈಬ್ರರಿಗೆ ಅವ್ವನ ಫೋನು ಬಂತು. ಗಾಳಿ ಬರುತ್ತಿದೆ, ತಂಪಿಲ್ಲ ಎಂದಳು. ಬಾಲ್ಕನಿಯಲ್ಲಿದ್ದ ಹೊರಗಿನ ಮಷೀನು ಟಕ್ ಎಂದು ನಿಂತಿತಂತೆ. ರಜೆ ಸಿಗದೆ ನಾನು ಕೆಲಸ ಮುಗಿಸಿ ಮನೆ ಸೇರುವಷ್ಟರಲ್ಲಿ ಸಂಜೆ ಐದೂವರೆ. ಕೋಣೆ ತಣ್ಣಗಿತ್ತು. ಮಷೀನು ಗುರ್ ಎಂದು ಓಡುತ್ತಿತ್ತು. ವೀರೇಶನ ಮೈ ಮಾತ್ರ ನೂರಾ ಒಂದು ಇತ್ತು. ಅವ್ವ ಒದ್ದೆ ಬಟ್ಟೆಯಿಂದ ಅವನ ತೋಳು ಒರೆಸುತ್ತಿದ್ದಳು. ಮರುದಿನವೂ ಹಾಗೆಯೇ. ಬೆಳಿಗ್ಗೆ ನಾನಿರುವವರೆಗೆ ಸರಿ, ಹನ್ನೆರಡರ ಹೊತ್ತಿಗೆ ಟಕ್, ನಾಲ್ಕರ ಮೇಲೆ ತಾನಾಗಿಯೇ ಜೀವ ಬರುವುದು.

ಮೆಕ್ಯಾನಿಕ್ ಒಬ್ಬನನ್ನು ಕರೆಸಿದೆ. ನಾನು ಮನೆಯಲ್ಲಿರಬೇಕಲ್ಲ, ಅವನು ಬಂದದ್ದು ಸಂಜೆ ಆರರ ಮೇಲೆ. ಚೆನ್ನಾಗಿಯೇ ಓಡುತ್ತಿರುವ ಎಸಿಯನ್ನು ನೋಡಿ ತಲೆ ಕೆರೆದುಕೊಂಡು ಗ್ಯಾಸು ಕಮ್ಮಿ ಮೇಡಂ ಎಂದು ತೆಲುಗಿನಲ್ಲಿ ಹೇಳಿ, ಗ್ಯಾಸು ತುಂಬಿ ಹೋದ. ಎರಡು ದಿನಕ್ಕೆ ಮತ್ತೆ ಅದೇ ರಾಗ. ಮತ್ತೆ ಬಂದ, ಮತ್ತೆ ಗ್ಯಾಸು. ಎಲ್ಲಿ ಸೋರುತ್ತಿದೆ ತೋರಿಸು ಎಂದು ಕೇಳುವ ಬುದ್ಧಿ ನನಗಾಗ ಇರಲಿಲ್ಲ. ಭಾನುವಾರ ಮಾತ್ರ ಮಷೀನು ದಿನವಿಡೀ ನಿಲ್ಲದೆ ಓಡಿತು. ನಾನು ಬೆಳಿಗ್ಗೆಯೇ ಫಿಲ್ಟರ್ ತೊಳೆದೆನಲ್ಲ, ಅದಕ್ಕೇ ಇರಬೇಕು ಎಂದು ಬೀಗಿದೆ. ಸೋಮವಾರ ಮಧ್ಯಾಹ್ನ ಮತ್ತೆ ಫೋನು.

ಆ ಹತ್ತು ಹನ್ನೆರಡು ದಿನ ನಾನು ಹೇಗೆ ಕೆಲಸ ಮಾಡಿದೆನೋ. ಪರೀಕ್ಷೆಯ ಕಾಲ, ಲೈಬ್ರರಿ ತುಂಬ ಹುಡುಗರು ತಲೆ ಬಗ್ಗಿಸಿ ಓದುತ್ತಿರುತ್ತಿದ್ದರು, ಗೋಡೆಯ ಗಡಿಯಾರ ಹನ್ನೊಂದೂವರೆ ದಾಟಿತೆಂದರೆ ನಾನು ಫೋನನ್ನು ಮೇಜಿನ ಮೇಲೆ ಎದುರಿಗಿಟ್ಟುಕೊಳ್ಳುತ್ತಿದ್ದೆ. ಫೋನು ಬಂದರೂ ಭಯ, ಬಾರದಿದ್ದರೆ ಇನ್ನೂ ಭಯ. ಗಡಿಬಿಡಿಯಲ್ಲಿ ಒಬ್ಬನಿಗೆ ರಸಾಯನಶಾಸ್ತ್ರದ ಬದಲು ಅಡುಗೆ ಪುಸ್ತಕ ಕೊಟ್ಟಿದ್ದೆ, ಪಾಪ ಅವನು ಅದನ್ನೂ ಬಿಡಿಸಿ ಕೂತಿದ್ದ. ಬೇರೆ ಎಸಿ ಕೊಳ್ಳೋಣವೆಂದರೆ ಆಸ್ಪತ್ರೆಗೆ ಸುರಿದು ಕೈ ಬರಿದಾಗಿತ್ತು. ಸಂಜೆ ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲು ಅವನ ಹಣೆ ಮುಟ್ಟುತ್ತಿದ್ದೆ. ಆಮೇಲೆ ಸಿಟ್ಟೆಲ್ಲ ಅವ್ವನ ಮೇಲೆ. ಯಾಕೆ ಬೇಗ ಫೋನು ಮಾಡಲಿಲ್ಲ, ಬಾಗಿಲು ಯಾಕೆ ತೆರೆದಿಟ್ಟೆ, ಕಿಟಕಿಯ ಪರದೆ ಯಾಕೆ ಸರಿಸಿದೆ. ಅವಳು ಎದ್ದು ಪರದೆ ಎಳೆದು ಬಾಗಿಲು ಮುಚ್ಚುತ್ತಿದ್ದಳು. ಕೂಗಾಡಿದವಳು ನಾನು, ಮುಖ ತಿರುಗಿಸಿ ಗೋಡೆ ನೋಡುತ್ತಿದ್ದವನು ವೀರೇಶ.

ಆ ದಿನ ನನಗೆ ಚೆನ್ನಾಗಿ ನೆನಪಿದೆ, ಗುರುವಾರ. ಒಂದೂವರೆಗೆ ಅವ್ವನ ಫೋನು. ಅವಳ ದನಿ ನನಗೆ ಗುರುತೇ ಸಿಗಲಿಲ್ಲ.

"ಶರಣಿ, ವೀರು ಮಾತಾಡವಲ್ಲ. ಕಣ್ಣು ಮ್ಯಾಲ ಮಾಡಾಕತ್ತಾನ. ಲಗೂ ಬಾ."

ಕ್ಯಾಬಿನಲ್ಲಿ ಕೂತು ಡಾಕ್ಟರಿಗೆ ಫೋನು ಮಾಡಿದೆ. ಮೈಮೇಲಿನ ಬಟ್ಟೆ ತೆಗೆಯಿರಿ, ಮೈಯೆಲ್ಲ ನೀರು ಚಿಮುಕಿಸಿ ಜೋರಾಗಿ ಫ್ಯಾನು ಬಿಡಿ, ಅವರ ಮೈಗೆ ಬೆವರಿಲ್ಲ, ನೀವೇ ಬೆವರು ಕೊಡಬೇಕು, ಆಂಬುಲೆನ್ಸಿಗೂ ಹೇಳಿ ಎಂದರು. ಅದನ್ನೇ ಅವ್ವನಿಗೆ ಹೇಳಿದೆ, ಆಂಬುಲೆನ್ಸಿಗೂ ಹೇಳಿದೆ. ಆಮೇಲೆ ವೀರೇಶನ ಸೈಟಿನ ಕೂಲಿಕಾರರು ಹಿಂದೊಮ್ಮೆ ಕೊಟ್ಟಿದ್ದ ನಂಬರಿಗೆ ಫೋನು ಮಾಡಿದೆ. ಖಾಜಾಭಾಯಿ ಎಂದು, ಕಲಬುರಗಿ ಕಡೆಯವರು, ಎಸಿ ಕೆಲಸದಲ್ಲಿ ಕೂದಲು ನರೆಸಿಕೊಂಡವರು. ಹೊಸಬರನ್ನು ಕರೆಯುವುದು ಬೇಡ ಎಂದು ಅಷ್ಟು ದಿನ ಸುಮ್ಮನಿದ್ದೆ. ಅವರು ಬೇರೆ ಕಡೆ ಕೆಲಸದಲ್ಲಿದ್ದರು, ಬಿಟ್ಟು ಗಂಟೆಯೊಳಗೆ ಬಂದೆ ಎಂದರು. ನನ್ನ ಕ್ಯಾಬು ಗಚ್ಚಿಬೌಲಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಗಾಜಿನ ಕಟ್ಟಡಗಳ ಮೇಲೆ ಬಿಸಿಲು ಕುಣಿಯುತ್ತಿತ್ತು. ಕ್ಯಾಬಿನ ಎಸಿ ನನ್ನ ಮುಖಕ್ಕೆ ತಣ್ಣಗೆ ಬೀಸುತ್ತಿತ್ತು, ನನಗೆ ಅದನ್ನು ತಡೆಯಲಾಗಲಿಲ್ಲ, ಆರಿಸಪ್ಪಾ ಎಂದು ಡ್ರೈವರಿಗೆ ಹೇಳಿದೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ ಆರಿಸಿದ. ತಮ್ಮ ಸತ್ತುಹೋಗುತ್ತಾನೆ ಎಂದು ನನಗೆ ಖಾತ್ರಿಯಾಗಿತ್ತು. ಯಾರಿಗೆ ಮೊದಲು ಹೇಳುವುದು, ಊರಿಗೆ ಹೇಗೆ ಒಯ್ಯುವುದು ಎಂದೂ ಯೋಚಿಸಿದೆ, ಅದನ್ನು ಹೇಳಲು ಈಗಲೂ ನಾಚಿಕೆ.

ಲಿಫ್ಟಿಗೆ ಕಾಯದೆ ಐದು ಮಹಡಿ ಹತ್ತಿದೆ. ಅವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚೊಂಬಿನಿಂದ ನೀರು ಚಿಮುಕಿಸುತ್ತಿದ್ದಳು. ಹಾಸಿಗೆ, ನೆಲ, ಅವಳ ಸೀರೆ ಎಲ್ಲ ತೊಯ್ದಿತ್ತು. ಕೋಣೆ ಒಲೆಯ ಹಾಗಿತ್ತು. ಅವನ ಮುಖ ಕೆಂಪಗಾಗಿ ತುಟಿ ಒಣಗಿತ್ತು. ಥರ್ಮಾಮೀಟರಿನಲ್ಲಿ ನೂರಾ ಮೂರು ದಾಟಿತ್ತು. ನಾನು ಟೇಬಲ್ ಫ್ಯಾನು ತಂದು ಎದುರಿಗಿಟ್ಟೆ, ಫ್ರಿಜ್ಜಿನ ಐಸನ್ನು ಬಟ್ಟೆಯಲ್ಲಿ ಕಟ್ಟಿ ಕಂಕುಳಿಗೆ ಇಟ್ಟೆ, ವೀರೂ ವೀರೂ ಎಂದು ಕೆನ್ನೆ ತಟ್ಟಿದೆ. ಕಣ್ಣು ಬಿಟ್ಟ, ಮುಚ್ಚಿದ. ಅಷ್ಟರಲ್ಲಿ ಖಾಜಾಭಾಯಿ ಒಳಗೆ ಬಂದರು. ನಮ್ಮನ್ನು ಒಮ್ಮೆ ನೋಡಿದರು, ನೆಟ್ಟಗೆ ಬಾಲ್ಕನಿಗೆ ಹೋದರು.

ಅಲ್ಲಿಂದ ಅವರು ಮೆಲ್ಲಗೆ ನನ್ನನ್ನು ಕರೆದರು. ಹೋಗಿ ನೋಡಿದೆ. ಹೊರಗಿನ ಮಷೀನಿಗೆ ನಾಲ್ಕೂ ಕಡೆ ಒದ್ದೆ ಗೋಣಿತಟ್ಟು ಸುತ್ತಿತ್ತು. ಒಂದರ ಮೇಲೊಂದು, ಎರಡು ಸುತ್ತು, ಮೇಲೆ ಪ್ಲಾಸ್ಟಿಕ್ ಹಗ್ಗ ಬಿಗಿದು ಗಂಟು ಹಾಕಿತ್ತು. ಗಂಟು ನಮ್ಮ ಅವ್ವನದು. ಪಕ್ಕದಲ್ಲಿ ಅರ್ಧ ಬಕೆಟ್ ನೀರು, ತೇಲುವ ಮಗ್ಗು.

ನನಗೆ ಒಂದು ಕ್ಷಣಕ್ಕೆ ಎಲ್ಲ ಹೊಳೆಯಿತು. ನಮ್ಮ ಊರಿನಲ್ಲಿ ಬೇಸಿಗೆ ಬಂತೆಂದರೆ ಕುಡಿಯುವ ನೀರಿನ ಗಡಿಗೆಗೆ ಒದ್ದೆ ಗೋಣಿತಟ್ಟು ಸುತ್ತುತ್ತೇವೆ, ಒಣಗಿದಾಗೆಲ್ಲ ನೀರು ಚಿಮುಕಿಸುತ್ತೇವೆ, ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುತ್ತದೆ. ಅವ್ವ ಅರವತ್ತು ವರ್ಷ ಮಾಡಿದ್ದು ಅದನ್ನೇ. ಹನ್ನೊಂದಕ್ಕೆ ಬಾಲ್ಕನಿಗೆ ಬಿಸಿಲು ಬೀಳುತ್ತದೆ, ಬಿಸಿಲಿನಲ್ಲಿ ಮಷೀನು ಕಾಯುತ್ತದೆ, ಮಗನಿಗೆ ತಂಪು ಕೊಡುವ ಮಷೀನಿಗೆ ಯಾರಾದರೂ ತಂಪು ಕೊಡಬೇಕಲ್ಲ. ಬಿಸಿಲು ಸರಿದ ಮೇಲೆ, ನಾಲ್ಕಕ್ಕೆ, ಬಿಚ್ಚಿ ಕಂಬಿಯ ಮೇಲೆ ಒಣಹಾಕುತ್ತಿದ್ದಳು. ಸಂಜೆ ಬಂದು ನಾನು ಅದನ್ನು ಎಷ್ಟೋ ಸಲ ನೋಡಿದ್ದೆ, ಕಾಲೊರೆಸುವ ತಟ್ಟು ಎಂದುಕೊಂಡಿದ್ದೆ. ಭಾನುವಾರ ಬಾಲ್ಕನಿಯ ತುಂಬ ನನ್ನ ವಾರದ ಬಟ್ಟೆ ಹರವಿರುತ್ತಿದ್ದರಿಂದ ಅವಳಿಗೆ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮಷೀನು ನಿಂತಷ್ಟೂ ಅವಳು ಇನ್ನಷ್ಟು ನೀರು ಹಾಕಿದ್ದಳು, ಅವತ್ತು ಇನ್ನೊಂದು ಸುತ್ತು ಬಿಗಿದಿದ್ದಳು.

ಖಾಜಾಭಾಯಿ ಚಾಕುವಿನಿಂದ ಹಗ್ಗ ಕೊಯ್ದರು. "ಒಳಗಿನ ಕಾವು ಹೊರಗ ಒಗಿಯೋದ ಇದರ ಕೆಲಸರಿ ಅಕ್ಕಾರ. ಬಾಯಿ ಮೂಗು ಎರಡೂ ಕಟ್ಟಿದ್ರ ಹ್ಯಾಂಗ ಉಸಿರಾಡಬೇಕದು. ತಾನ ಸುಟ್ಟು ಹೋಗಬಾರದಂತ ಬಂದ್ ಆಗಾಕತ್ತೇತಿ. ಮಷೀನು ಶಾಣ್ಯಾ ಐತಿ." ಗೋಣಿಯ ಕೆಳಗಿದ್ದ ತಗಡು ಕೈ ಇಡಲಾಗದಷ್ಟು ಕಾದಿತ್ತು. ಗೋಣಿಯ ನಾರು ಹಿಂಬದಿಯ ತೆಳು ತಗಡಿನ ಸಾಲುಗಳಲ್ಲಿ ಸಿಕ್ಕಿಕೊಂಡಿತ್ತು. ಮೇನ್ ಸ್ವಿಚ್ ಆರಿಸಿ, ಬ್ರಶ್ಶಿನಿಂದ ನಾರು ಬಿಡಿಸಿ, ತಗಡಿನ ತುಂಡೊಂದನ್ನು ಮಷೀನಿಗೆ ತಾಗದಂತೆ ಎತ್ತರದಲ್ಲಿ ನೆರಳಿಗೆ ಕಟ್ಟಿ, ತಾನಾಗಿ ತಣಿಯಲಿ, ಇಪ್ಪತ್ತು ನಿಮಿಷ ಮುಟ್ಟಬೇಡಿ ಎಂದರು.

ಆ ಇಪ್ಪತ್ತು ನಿಮಿಷದಷ್ಟು ಉದ್ದದ ಹೊತ್ತನ್ನು ನಾನು ಬೇರೆ ಕಂಡಿಲ್ಲ. ನೀರು ಚಿಮುಕಿಸು, ಫ್ಯಾನು, ಐಸು, ಥರ್ಮಾಮೀಟರು. ನೂರಾ ಮೂರು. ನೂರಾ ಮೂರು. ಮತ್ತೆ ಮತ್ತೆ ತೆಗೆದು ನೋಡುತ್ತಿದ್ದ ಥರ್ಮಾಮೀಟರನ್ನು ಅವ್ವ ನನ್ನಿಂದ ಕಿತ್ತುಕೊಂಡಳು. ನೂರಾ ಎರಡಕ್ಕೆ ಇಳಿಯಿತು. ವೀರೇಶ ಕಣ್ಣು ಬಿಟ್ಟು ನೀರು ಎಂದ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ ಆಂಬುಲೆನ್ಸಿನವರು ಆಗ ಬಂದು ನಾಡಿ ನೋಡಿ, ಡಾಕ್ಟರಿಗೆ ಫೋನು ಮಾಡಿ ಮಾತಾಡಿ, ಇಳಿಯುತ್ತಿದೆ, ಹೀಗೇ ಮಾಡುತ್ತಿರಿ, ಮತ್ತೆ ಏರಿದರೆ ಕರೆಯಿರಿ ಎಂದು ಹೋದರು. ಹೊರಗೆ ಮಷೀನು ಗುರ್ ಎಂದಿತು. ನಾಲ್ಕು ನಿಮಿಷಕ್ಕೆ ತಣ್ಣನೆ ಗಾಳಿ ಕೆನ್ನೆಗೆ ತಾಗಿತು. ನಾನು ನಿಂತಲ್ಲೇ ಅತ್ತೆ.

ಅತ್ತು ಮುಗಿದದ್ದೇ ಸಿಟ್ಟು ಬಂತು. ಖಾಜಾಭಾಯಿ ಗೋಣಿತಟ್ಟನ್ನು ಕೈಯಲ್ಲಿ ಹಿಡಿದು ಕೋಣೆಯ ಬಾಗಿಲಿಗೆ ಬಂದು ನಿಂತಿದ್ದರು. ಏನಾಗಿತ್ತಪ್ಪ ಎಂದು ಅವ್ವ ಕೇಳಿದಳು. ನಾನು ಬಾಯಿ ತೆರೆದೆ. ನನ್ನ ನಾಲಿಗೆಯ ತುದಿಯಲ್ಲಿ ಎಂಥೆಂಥ ಮಾತಿತ್ತೆಂದು ನೆನೆಸಿಕೊಂಡರೆ ಈಗ ಮೈ ಜುಮ್ಮೆನ್ನುತ್ತದೆ. ನನಗಿಂತ ಮೊದಲು, ಸರಿಯಾಗಿ ದನಿಯೂ ಹೊರಡದ ವೀರೇಶ ಹಾಸಿಗೆಯಿಂದ ಹೇಳಿದ.

"ಜಾಲಿ ಕಟ್ಟಿತ್ತಲ್ಲೇನ್ರಿ ಭಾಯಿ? ಅಕ್ಕ ತೊಳದಿಲ್ಲ ಅದನ್ನ."

ಜಾಲಿ ಎಂದರೆ ಫಿಲ್ಟರ್. ನಾನು ಭಾನುವಾರವೇ ತೊಳೆದ ಫಿಲ್ಟರ್. ತಿರುಗಿ ಅವನನ್ನು ನೋಡಿದೆ. ಅವನು ನನ್ನನ್ನೇ ನೋಡುತ್ತಿದ್ದ. ಕೈ ಜೋಡಿಸಲು ಬಾರದವನು ಕಣ್ಣಿನಲ್ಲಿ ಬೇಡುವುದನ್ನು ನಾನು ನೋಡಿದ್ದು ಅದೊಂದೇ ಸಲ. ಖಾಜಾಭಾಯಿ ಅವನ ಮುಖ ನೋಡಿದರು, ಅವ್ವನ ತೊಯ್ದ ಸೀರೆ ನೋಡಿದರು, ಗೋಣಿತಟ್ಟನ್ನು ಬೆನ್ನ ಹಿಂದೆ ಸರಿಸಿದರು.

"ಹೌದ್ರಿ ಅಮ್ಮ. ಜಾಲಿ ಕಟ್ಟಿತ್ತು."

ನಾನು ಬಾಯಿ ಮುಚ್ಚಿಕೊಂಡೆ. ಅವ್ವ ನನ್ನನ್ನು ಸಂಜೆಯವರೆಗೂ ಬೈದಳು. ಅಷ್ಟು ದಿನ ನಾನು ಕೂಗಾಡಿದ್ದಕ್ಕೆಲ್ಲ ಬಡ್ಡಿ ಸೇರಿಸಿ ಬೈದಳು. ಕಾಲೇಜು ಕಟ್ಟಿಕೊಂಡು ಮೆರೆದದ್ದು ಸಾಕು, ಒಂದು ಜಾಲಿ ತೊಳೆಯಲು ಬರುವುದಿಲ್ಲವೇ, ತಮ್ಮನ ಜೀವಕ್ಕಿಂತ ಹೆಚ್ಚಿನದೇನು ಕೆಲಸ ನಿನಗೆ ಎಂದಳು. ನಾನು ತಲೆ ತಗ್ಗಿಸಿ ಒದ್ದೆ ನೆಲ ಒರೆಸಿದೆ.

ಅವಳು ಸ್ನಾನಕ್ಕೆ ಹೋದಾಗ ತಮ್ಮನ ಹತ್ತಿರ ಹೋಗಿ ಕೂತೆ. ನಿನಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದೆ. ಹತ್ತು ದಿನದಿಂದ ಗೊತ್ತಿತ್ತಂತೆ. ಹಾಸಿಗೆಯ ಪಕ್ಕದ ಕಿಟಕಿಯಾಚೆಯೇ ಬಾಲ್ಕನಿ. ನೀರು ಚಿಮುಕಿಸುವ ಸದ್ದು, ನೀನೂ ತಣ್ಣಗಿರಪ್ಪಾ ಎಂದು ಅವ್ವ ಮಷೀನಿಗೆ ಹೇಳುವುದು, ಆಮೇಲೆ ಅರ್ಧ ಗಂಟೆಗೆ ಟಕ್. ಸೈಟಿನಲ್ಲಿ ಜನರೇಟರು ನೋಡಿಕೊಂಡವನಿಗೆ ಅಷ್ಟು ತಿಳಿಯದೇ? ಬಾಲ್ಕನಿಗೆ ಹೋಗಬೇಡ, ನನ್ನ ಹತ್ತಿರ ಕೂರು ಎಂದು ಏನೇನೋ ನೆಪ ಹೇಳಿ ನೋಡಿದನಂತೆ. ಮೆಕ್ಯಾನಿಕ್ಕಿಗೆ ಗುಟ್ಟಾಗಿ ಹೇಳೋಣವೆಂದರೆ ಅವನು ಬಂದಾಗೆಲ್ಲ ನಾವಿಬ್ಬರೂ ಕೋಣೆಯಲ್ಲೇ. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ನನಗೆ ಯಾಕೆ ಹೇಳಲಿಲ್ಲ, ಸಾಯುತ್ತಿದ್ದೆಯಲ್ಲೋ ಎಂದೆ.

"ನಿನಗ ಹೇಳಿದ್ರ ನೀ ಅಕಿ ಮ್ಯಾಲ ಒದರ್ತಿದ್ದಿ. ನಿನ್ನ ಬಾಯಿ ನನಗ ಗೊತ್ತಿಲ್ಲೇನು ಅಕ್ಕ. ನಾ ಬಿದ್ದಿದ್ದೂ ತನ್ನಿಂದನ ಅಂತ ತಿಳಕೊಂಡಾಳ. ಇದೂ ತನ್ನಿಂದನ ಅಂತ ಗೊತ್ತಾದ್ರ ಉಳಿಯಂಗಿಲ್ಲಕಿ."

ಹತ್ತು ದಿನ ಅವನು ಬೇಯುತ್ತಾ ಸುಮ್ಮನಿದ್ದದ್ದು ನನ್ನ ಬಾಯಿಗೆ ಹೆದರಿ. ಎಸಿ ನಿಂತಾಗ ನನಗಾದ ಭಯಕ್ಕಿಂತ ಇದನ್ನು ಕೇಳಿ ಆದ ಭಯ ದೊಡ್ಡದು.

ಮರುದಿನ ಬೆಳಿಗ್ಗೆ ತೊಯ್ದಿದ್ದ ಹಾಸಿಗೆಬಟ್ಟೆ ಒಣಹಾಕಲು ಬಾಲ್ಕನಿಗೆ ಹೋದೆ. ಅವ್ವ ಆಗಲೇ ಅಲ್ಲಿದ್ದಳು. ಖಾಜಾಭಾಯಿ ಮೂಲೆಗೆ ಹಾಕಿ ಹೋಗಿದ್ದ ಗೋಣಿತಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಕೊಯ್ದ ಹಗ್ಗದ ತುಂಡುಗಳನ್ನು ಬೆರಳಿಗೆ ಸುತ್ತುತ್ತಾ ಮಷೀನಿನ ಮುಂದೆ ಕೂತಿದ್ದಳು. ಅದು ತನ್ನ ಪಾಡಿಗೆ ಓಡುತ್ತಾ ಅವಳ ಮುಖಕ್ಕೆ ಬಿಸಿಗಾಳಿ ಉಗುಳುತ್ತಿತ್ತು. ಅವಳು ಅದರ ಮುಂದೆ ಅಂಗೈ ಚಾಚಿ ನೋಡಿದಳು. ನನ್ನ ಕಡೆ ತಿರುಗಲಿಲ್ಲ.

"ನೀ ಐತ್ವಾರ ಜಾಲಿ ತೊಳದೀದಿ. ನಾನ ನೋಡೀನಿ."

ನಾನು ಒದ್ದೆ ಬಟ್ಟೆ ಹಿಡಿದು ನಿಂತೆ.

"ನನಗ ಗೊತ್ತಾಗೇತಿ ಅಂತ ವೀರುಗ ಹೇಳಬ್ಯಾಡ. ನನ್ನ ಆಣಿ ಐತಿ."

ಎದ್ದು ಒಳಗೆ ಹೋಗಿ ಅವನಿಗೆ ಗಂಜಿ ಕಾಯಿಸಿದಳು. ತಟ್ಟೆ ತಂದು ಅವನ ಮುಂದೆ ನಿಂತು, ಚಮಚ ಎತ್ತುವ ಮೊದಲು ನನ್ನನ್ನು ಕೇಳಿದಳು, ಉಣಿಸಲೇನು ಎಂದು. ಅವತ್ತು ಅದು ಶುರುವಾಯಿತು. ಆಮೇಲೆ ಅವಳು ಯಾವುದನ್ನೂ ಕೇಳದೆ ಮಾಡಲಿಲ್ಲ. ಹೊದಿಕೆ ಹೊದಿಸಲೇನು, ಕಿಟಕಿ ಮುಚ್ಚಲೇನು, ಬೆನ್ನಿಗೆ ಎಣ್ಣೆ ಹಚ್ಚಿದರೆ ಏನೂ ಆಗುವುದಿಲ್ಲವಲ್ಲ. ಹಡೆದ ಮಗನಿಗೆ ನೀರು ಕುಡಿಸಲು ನನ್ನ ಅಪ್ಪಣೆ. ನಾನು ಕೆಲಸದಿಂದ ಬರುವುದು ತಡವಾದರೆ ಫೋನು ಮಾಡಿ ಕೇಳುತ್ತಿದ್ದಳು. ನಾನು ಒಮ್ಮೆಯೂ ರೇಗಲಿಲ್ಲ. ಕುಡಿಸವ್ವ, ಹಚ್ಚವ್ವ, ಮುಚ್ಚವ್ವ ಎನ್ನುತ್ತಿದ್ದೆ. ಎಸಿಯ ಬಗ್ಗೆ ಕಲಿಯಬೇಕಾದದ್ದನ್ನೆಲ್ಲ ನಾನು ಖಾಜಾಭಾಯಿಯ ಬೆನ್ನು ಬಿದ್ದು ಕಲಿತದ್ದು ಆ ಬೇಸಿಗೆಯಲ್ಲೇ, ಅವಳು ಕೇಳಿದ್ದಕ್ಕೆಲ್ಲ ಗೊತ್ತು ಎನ್ನುವಂತಿರಬೇಕೆಂದು. ಜೂನಿನಲ್ಲಿ ಮಳೆ ಬಂತು. ಮರುವರ್ಷ ಈ ನೆಲಮಹಡಿಯ ಮನೆಗೆ ಬಂದೆವು, ಹೊಸ ಎಸಿ ಬಂತು.

ಅವ್ವ ತೀರಿಕೊಂಡು ಈಗ ಎರಡು ವರ್ಷ. ವೀರೇಶ ಪಕ್ಕದ ಕೋಣೆಯಲ್ಲಿದ್ದಾನೆ, ಫೋನಿನಲ್ಲಿ ಹೊಸ ಸೂಪರ್‌ವೈಸರುಗಳಿಗೆ ಕಬ್ಬಿಣ, ಸಿಮೆಂಟು, ಸ್ಲ್ಯಾಬಿನ ಅಂಚು ಎಂದು ಪಾಠ ಹೇಳುತ್ತಿರುತ್ತಾನೆ. ಕೆಲವೊಮ್ಮೆ ಅವ್ವನ ಮಾತು ಬಂದಾಗ ನಗುತ್ತಾನೆ. ಅವ್ವನಿಗೆ ಕೊನೆಕೊನೆಗೆ ನಾನೆಂದರೆ ಎಷ್ಟು ಹೆದರಿಕೆ ಅಕ್ಕ, ಮುಟ್ಟಿದರೆ ಒಡೆದೇ ಹೋಗುತ್ತೇನೆ ಎನ್ನುವಂತೆ ಆಡುತ್ತಿದ್ದಳು ಎನ್ನುತ್ತಾನೆ. ನಾನೂ ಅವನ ಜೊತೆ ನಗುತ್ತೇನೆ. ಅವಳು ಹೆದರಿದ್ದು ನಿನಗಲ್ಲವೋ, ತನ್ನ ಕೈಗೆ ಎಂದು ಇವತ್ತಿನವರೆಗೆ ನಾನು ಅವನಿಗೆ ಹೇಳಿಲ್ಲ.